ಎರಡು ಬಾವಿಗಳ ಅಳತೆ

ಅಮೆರಿಕದ ರಾಜ್ಯಾಂಗದ ಬಗ್ಗೆ ನಮ್ಮ ವಕೀಲರ ಕೋಣೆಯಲ್ಲಿ ನಡೆದಷ್ಟು ಮಾತು ಬೇರೆ ಯಾವುದರ ಬಗ್ಗೆಯೂ ನಡೆದದ್ದನ್ನು ನಾನು ಕಾಣೆ. ಆ ಕೋರ್ಟು ಯಾವ ಊರಿನದು ಅಂತ ಹೇಳುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯೂ ಸೈಕಲ್ ತುಳಿದು ವಕೀಲಿ ಮಾಡಿದವನು ನಾನು. ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ಉಳಿದ ಎರಡು ಊರಿನವರು ತಾವೇನೋ ಸಾಚಾ ಅಂದುಕೊಳ್ಳುತ್ತಾರೆ. ಎರಡೂ ನನಗೆ ಬೇಡ.

ನಾನು ಕರಿಕೋಟು ಹಾಕಿದ್ದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು. ಕಿರುಗಾವಲು ಕಡೆಯ ಒಕ್ಕಲು ಮನೆತನ ನಮ್ಮದು. ನಮ್ಮಲ್ಲಿ ನೇಗಿಲು ಬಿಟ್ಟು ಪೆನ್ನು ಹಿಡಿದವನು ನಾನೇ ಮೊದಲು. ಹಾಗಾಗಿ ಇಂಗ್ಲಿಷ್ ಬಲ್ಲವರ ಮುಂದೆ ನನ್ನ ಬಾಯಿ ಒಣಗುತ್ತಿತ್ತು. ನನ್ನನ್ನು ಜೂನಿಯರ್ ಆಗಿ ಸೇರಿಸಿಕೊಂಡ ಹಿರಿಯ ವಕೀಲರಿಗೋ, ಇಂಗ್ಲಿಷ್ ಅಂದರೆ ಮೊಸರನ್ನ. ತಲೆಗೆ ಜರಿಪೇಟ, ಕಿವಿಗೆ ಹತ್ತಕಡಕು, ಕೈಯಲ್ಲಿ ನಶ್ಯದ ಡಬ್ಬಿ. ಬೆಂಗಳೂರಿನ ಗೆಳೆಯರೊಬ್ಬರು ಅವರಿಗೆ ಅಮೆರಿಕದ ಕಾನೂನು ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಕಳಿಸುತ್ತಿದ್ದರು. ಶನಿವಾರ ಕೋರ್ಟು ಬೇಗ ಏಳುತ್ತಿದ್ದಂತೆ ಅದರಲ್ಲೊಂದನ್ನು ಬಿಚ್ಚಿ, ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ, ನಮಗೆಲ್ಲ ಓದಿ ಹೇಳುತ್ತಿದ್ದರು. ನಾವು ಏಳೆಂಟು ಜನ ವಡೆ ತಿನ್ನುತ್ತ ಕೇಳುತ್ತಿದ್ದೆವು.

ಮೊದಲ ವರ್ಷವೆಲ್ಲ ಒಂದೇ ಜಗಳ. ಅಲ್ಲಿನ ಅಧ್ಯಕ್ಷರಿಗೂ ಅಲ್ಲಿನ ಮೇಲಿನ ಕೋರ್ಟಿಗೂ ಆಗುತ್ತಿರಲಿಲ್ಲ. ಜನ ಆರಿಸಿ ಕಳಿಸಿದವರು ಮಾಡಿದ ಕಾಯಿದೆಯನ್ನು ಒಂಬತ್ತು ಜನ ಮುದುಕರು ಕೂತು ರದ್ದು ಮಾಡುತ್ತಿದ್ದರು. ಹಾಗಾದರೆ ಇನ್ನಷ್ಟು ನ್ಯಾಯಾಧೀಶರನ್ನು ತುಂಬುತ್ತೇನೆ ಅಂತ ಅಧ್ಯಕ್ಷರು ಹೊರಟಿದ್ದರು. ಜನ ದೊಡ್ಡವರೋ ಜಡ್ಜಿ ದೊಡ್ಡವರೋ? ನಮ್ಮ ಕೋಣೆ ಎರಡು ಪಾಲಾಯಿತು. ಗ್ರಾಮ ಪಂಚಾಯತಿಗೆ ನಿಂತರೆ ಹತ್ತು ವೋಟು ಬೀಳದವರು ಅಮೆರಿಕದ ಜನರ ಪರವಾಗಿ ಮೇಜು ಗುದ್ದುತ್ತಿದ್ದರು. ಹಿರಿಯರು ಜನರ ಕಡೆ. ನ್ಯಾಯಾಧೀಶ ಅನ್ನುವವನು ತನ್ನ ಮನಸ್ಸಿನ ಸರಿ ತಪ್ಪನ್ನು ಜನರ ಮೇಲೆ ಹೇರಬಾರದು ಅನ್ನುವುದು ಅವರ ವಾದ. ಇನ್ನೊಂದು ಮಾತನ್ನೂ ಅವರು ಮೆಚ್ಚಿ ಮೆಚ್ಚಿ ಹೇಳುತ್ತಿದ್ದರು. ಅಲ್ಲಿನ ವಕೀಲರು ಈಗ ಬರೀ ಹಳೇ ತೀರ್ಪುಗಳನ್ನು ಓದುವುದಿಲ್ಲವಂತೆ; ಕಾರ್ಖಾನೆಯ ಹೆಂಗಸಿನ ಕಾಲು ಎಷ್ಟು ಗಂಟೆಗೆ ಬಾತುಕೊಳ್ಳುತ್ತದೆ, ಗಣಿಯ ಧೂಳು ಎದೆಗೆ ಏನು ಮಾಡುತ್ತದೆ, ಇಂಥ ಬದುಕಿನ ಸಂಗತಿಗಳನ್ನೇ ತಂದು ಕೋರ್ಟಿನ ಮುಂದೆ ಇಡುತ್ತಾರಂತೆ. "ನೋಡಿ, ಕಾನೂನು ಅಂದರೆ ಹಾಗೆ ಬದುಕಿರಬೇಕು" ಅನ್ನುತ್ತಿದ್ದರು. ನನಗೆ ಮೈ ಜುಮ್ಮೆನ್ನುತ್ತಿತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಂಡಿರಲಿ, ಅವರಂತೂ ಮರೆತರು.

ಯುದ್ಧ ಬಂದು ಹಡಗುಗಳು ನಿಂತವು. ಹೊಸ ಸಂಚಿಕೆ ಬರಲಿಲ್ಲ. ನಾವು ಬಿಡಲಿಲ್ಲ, ಹಳೆಯದನ್ನೇ ತಿರುಗಿ ಕಡೆದೆವು. ಸೀಮೆಎಣ್ಣೆಗೆ ಕೂಪನ್ನು, ಅಕ್ಕಿಗೆ ಕೂಪನ್ನು, ಅಮೆರಿಕಕ್ಕೆ ಮಾತ್ರ ಯಾವ ಕೂಪನ್ನೂ ಬೇಕಿರಲಿಲ್ಲ. ಆ ಕಾಲದಲ್ಲೇ ರೈಲು ಡಬ್ಬಿಯ ಮೊಕದ್ದಮೆ ನಮ್ಮ ಕೋಣೆಗೆ ಬಂದದ್ದು. ಅಲ್ಲಿ ಬಹಳ ಹಿಂದೆ ಕರಿಯ ಜನಕ್ಕೆ ಬೇರೆ ಡಬ್ಬಿ, ಬಿಳಿಯರಿಗೆ ಬೇರೆ ಡಬ್ಬಿ ಅಂತ ಕಾಯಿದೆ ಮಾಡಿದ್ದರು. ಡಬ್ಬಿ ಬೇರೆ ಇದ್ದರೇನು, ಎರಡೂ ಸಮ ಇದ್ದರೆ ಸಾಕು ಅಂತ ಮೇಲಿನ ಕೋರ್ಟು ಒಪ್ಪಿಬಿಟ್ಟಿತ್ತು. ಒಬ್ಬನೇ ಒಬ್ಬ ನ್ಯಾಯಾಧೀಶ ಒಪ್ಪಿರಲಿಲ್ಲ. ಆ ತೀರ್ಪು ಸರಿಯೋ ತಪ್ಪೋ ಅಂತ ಅಲ್ಲಿನ ಪಂಡಿತರು ಈಗ ಮತ್ತೆ ಬರೆಯತೊಡಗಿದ್ದಾರೆ ಅಂತ ಹಿರಿಯರು ಹೇಳಿದರು.

ಆವತ್ತು ನಾನು ಎದ್ದು ನಿಂತೆ. ಆ ಒಬ್ಬನ ಪರವಾಗಿ ಮುಕ್ಕಾಲು ಗಂಟೆ ಮಾತಾಡಿದೆ. ಬೇರೆ ಕೂರಿಸುವುದೇ ಅವಮಾನ, ಸೀಟಿಗೆ ಮಖಮಲ್ ಹಾಸಿದರೂ ಅವಮಾನ ಅವಮಾನವೇ ಎಂದೆ. ಕಣ್ಣಲ್ಲಿ ನೀರೂ ಬಂತು. ಎಲ್ಲರೂ ಬೆನ್ನು ತಟ್ಟಿದರು. ನಮ್ಮ ಕೋಣೆಯ ಹೊರಗೆ ಕೇರಿಯ ಕಕ್ಷಿದಾರರು ಬಿಸಿಲಲ್ಲಿ ನಿಂತೇ ಇರುತ್ತಿದ್ದರು, ಬೆಂಚು ಮುಟ್ಟುತ್ತಿರಲಿಲ್ಲ. ಆವತ್ತೂ ನಾಲ್ಕು ಜನ ನಿಂತಿದ್ದರು. ಕಿಟಕಿಯಿಂದ ಅವರಿಗೂ ನನ್ನ ಭಾಷಣ ಕೇಳಿಸಿರಬೇಕು. ಇಂಗ್ಲಿಷಿನಲ್ಲಿತ್ತು, ಪುಣ್ಯಕ್ಕೆ ಅರ್ಥವಾಗಿರಲಾರದು.

ಯುದ್ಧ ಮುಗಿದ ಮಾರನೆಯ ವರ್ಷ ಆ ದಾವಾ ಬಂತು. ಮದ್ದೂರಿನಿಂದ ಕೊಪ್ಪದ ಕಡೆ ಹೋಗುವಾಗ ಸಿಗುವ ಹಳ್ಳಿಗಳಲ್ಲಿ ಒಂದು. ಊರ ನಡುವೆ ಸರ್ಕಾರದ ದುಡ್ಡಿನಲ್ಲಿ ಕಟ್ಟಿಸಿದ ಕಲ್ಲಿನ ಬಾವಿ, ಒಳ್ಳೆಯ ಸಿಹಿನೀರು. ಊರ ಹೊರಗಿನ ಕೇರಿಯ ಹೆಂಗಸರು ಅಲ್ಲಿ ದೂರದಲ್ಲಿ ಬಿಂದಿಗೆ ಇಟ್ಟು ಕಾದು ನಿಲ್ಲಬೇಕು. ಒಕ್ಕಲ ಹೆಂಗಸು ಯಾರಾದರೂ ಮನಸ್ಸು ಬಂದಾಗ ಮೇಲಿನಿಂದ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಕೇರಿಯ ಒಬ್ಬ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಅಂದರೆ ಹಳಿ ಬಿಗಿ ಮಾಡುವ ತಂಡದಲ್ಲಿ ಕೆಲಸ. ಸ್ಟೇಷನ್ನಿನ ನಲ್ಲಿಯಲ್ಲಿ ಯಾರು ಬೇಕಾದರೂ ನೀರು ಹಿಡಿಯುವುದನ್ನು ದಿನಾ ನೋಡಿದವನು. ಒಂದು ದಿನ ಊರ ಬಾವಿಯ ರಾಟೆಗೆ ತಾನೇ ಹಗ್ಗ ಹಾಕಿ ಒಂದು ಕೊಡ ಸೇದಿಬಿಟ್ಟ. ಊರು ಕೆರಳಿತು. ಬಾವಿಗೆ ಶುದ್ಧಿ ಮಾಡಿಸಿದರು, ಅದುವರೆಗೆ ಸುರಿಯುತ್ತಿದ್ದ ನೀರನ್ನೂ ನಿಲ್ಲಿಸಿದರು. ಅವನು ಸಾರ್ವಜನಿಕ ಬಾವಿಯಲ್ಲಿ ತನಗೂ ಹಕ್ಕಿದೆ ಅಂತ ಮುನ್ಸೀಫ್ ಕೋರ್ಟಿಗೆ ಬಂದ.

ಊರಿನ ಪರವಾಗಿ ನಮ್ಮ ಹಿರಿಯರೇ ವಕೀಲರು. ಅವನ ಪರವಾಗಿ ಒಬ್ಬರು ವಕಾಲತ್ತು ಹಾಕಿ, ಎರಡನೆಯ ವಾಯಿದೆಗೆ ಹೊಟ್ಟೆನೋವು ಅಂತ ವಾಪಸು ಮಾಡಿದರು. ಆಮೇಲೆ ಅವನೇ ತನ್ನ ಮೊಕದ್ದಮೆ ನಡೆಸಿದ. ಹಿರಿಯರು ಆ ಊರಿನ ಪಟೇಲನನ್ನು ಕರೆಸಿ ಒಂದು ಉಪಾಯ ಹೇಳಿಕೊಟ್ಟರು: ಕೇರಿಗೆ ಒಂದು ಬೇರೆ ಬಾವಿ ತೋಡಿಸಿ, ಅಳತೆಯಲ್ಲಿ ಊರ ಬಾವಿಗೆ ಒಂದು ಗೇಣೂ ಕಮ್ಮಿ ಇರಬಾರದು, ಆಮೇಲೆ ಕೋರ್ಟಿಗೆ ನಾನು ಹೇಳಿಕೊಳ್ಳುತ್ತೇನೆ. ರೈಲು ಡಬ್ಬಿಯ ತೀರ್ಪು ಹಡಗು ಹತ್ತಿ ಬಂದು ನಮ್ಮ ತಾಲ್ಲೂಕಿನಲ್ಲಿ ಬಾವಿಯಾಗಿ ಇಳಿಯಿತು. ಪಟೇಲ ಎರಡು ತಿಂಗಳಲ್ಲಿ ಬಾವಿ ಮುಗಿಸಿದ. ಜಾಗ ಮಾತ್ರ ಕೇರಿಯ ಹಿಂದಿನ ಚೌಳು ನೆಲ. ನಾಲೆ ಬಂದ ಮೇಲೆ ತಗ್ಗಿನ ಹೊಲಗಳಲ್ಲಿ ಉಪ್ಪು ಮೇಲೆದ್ದು ಬಿಳಿಬಿಳಿ ಕಾಣುತ್ತಲ್ಲ, ಅಂಥದ್ದು. ಅಲ್ಲಿ ರಾಗಿಯೂ ಬೆಳೆಯುವುದಿಲ್ಲ.

ಎರಡು ಬಾವಿಯೂ ಸಮ ಇವೆಯೇ ಅಂತ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಕಮಿಷನರನ್ನು ನೇಮಿಸಬೇಕು. ಸಾಮಾನ್ಯವಾಗಿ ಇದು ಎಳೆಯ ವಕೀಲರಿಗೆ ಬೀಳುವ ಕೆಲಸ. ನಾನು ಆ ಹೊತ್ತಿಗೆ ಹಿರಿಯರನ್ನು ಬಿಟ್ಟು ಬೇರೆ ಕೂತಿದ್ದೆ. ಆದರೂ ಅವರೇ ಎದ್ದು ನನ್ನ ಹೆಸರು ಸೂಚಿಸಿದರು: "ಸಮಾನತೆಯ ವಿಷಯವನ್ನು ಇವರಷ್ಟು ಓದಿದವರು ನಮ್ಮಲ್ಲಿಲ್ಲ." ಮುನ್ಸೀಫರು ಸಂತೋಷದಿಂದ ಒಪ್ಪಿದರು. ನಾನೂ ಉಬ್ಬಿದೆ. ಉಬ್ಬಿದ್ದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಚೈತ್ರದ ಬಿಸಿಲಲ್ಲಿ ಟೇಪು, ಗುಂಡು ಕಟ್ಟಿದ ಹಗ್ಗ, ಕಾಗದ ತೆಗೆದುಕೊಂಡು ಹೋದೆ. ನಾಲೆಗೆ ನೀರು ನಿಲ್ಲಿಸಿದ್ದ ಕಾಲ. ಮೊದಲು ಪಟೇಲನ ಮನೆ. ಅವನು ನನ್ನ ಸೋದರಮಾವನ ಹೆಂಡತಿಯ ಕಡೆಯವನು, ಇದನ್ನು ನಾನು ಕೋರ್ಟಿಗೆ ಹೇಳಿರಲಿಲ್ಲ.

"ಬಾ ಕಣಪ್ಪ, ಬಿಸ್ಲಲ್ ಬಂದಿದ್ದೀಯ, ಮೊದ್ಲು ಕುಂತ್ಕೊ" ಅಂತ ಜಗಲಿಯ ಮೇಲೆ ಚಾಪೆ ಹಾಕಿಸಿದ. ಎಳನೀರು ಕೆತ್ತಿಸಿದ. ಒಂದು ಕುಡಿದೆ, ಇನ್ನೊಂದು ಕೊಟ್ಟ, ಅದನ್ನೂ ಕುಡಿದೆ. "ನಾವೇನ್ ಅವ್ರಿಗೆ ನೀರ್ ಕೊಡಬ್ಯಾಡ ಅಂದೇವಾ? ಅವ್ರುದ್ ಅವ್ರಿಗೆ, ನಮ್ದು ನಮ್ಗೆ. ತಕರಾರ್ ಯಾಕೆ? ನೀನೂ ನಮ್ಮೋನೆಯಾ, ನಿಂಗೆ ನಾನೇನ್ ಯೋಳಾದು."

ನಾನು ತಲೆ ಅಲ್ಲಾಡಿಸಿದೆ. ಅದು ಹೌದೋ ಅಲ್ಲವೋ ಅಂತ ಅವನಿಗೂ ತಿಳಿಯದಂತೆ ಅಲ್ಲಾಡಿಸುವುದನ್ನು ವಕೀಲಿಯಲ್ಲಿ ಕಲಿತಿದ್ದೆ.

ಊರ ಬಾವಿ ಅಳೆದೆ. ಬಾಯಿ ಹನ್ನೊಂದು ಅಡಿ, ಆಳ ಮೂವತ್ತನಾಲ್ಕು, ನೀರು ಒಂಬತ್ತು ಅಡಿ, ಎರಡು ರಾಟೆ. ಪಟೇಲನ ಸೊಸೆ ಆಗ ತಾನೇ ಸೇದಿದ ನೀರನ್ನು ಬೊಗಸೆಗೆ ಹಾಕಿದಳು. ಕುಡಿದೆ. ಎಳನೀರಿಗಿಂತ ಅದೇ ಚೆನ್ನಾಗಿತ್ತು. ಅಲ್ಲಿಂದ ಕೇರಿಗೆ ನಡೆದೆ. ಪಟೇಲ ಕೇರಿಯ ಬಾಯಲ್ಲೇ ನಿಂತ. ಗ್ಯಾಂಗ್‌ಮನ್ ಹೊಸ ಬಾವಿಯ ಹತ್ತಿರ ಕಾಯುತ್ತಿದ್ದ, ರೈಲ್ವೆಯ ನೀಲಿ ಅಂಗಿ ಹಾಕಿಕೊಂಡು. ಅವನ ಹೆಂಡತಿಯೂ ಇದ್ದಳು, ತುಂಬಿದ ಬಸುರಿ. ಬಾಯಿ ಹನ್ನೊಂದು ಅಡಿ. ಆಳ ಮೂವತ್ತನಾಲ್ಕೂಕಾಲು. ನೀರು ಒಂಬತ್ತೂವರೆ. ರಾಟೆ ಎರಡು. ಕಲ್ಲುಕಟ್ಟಡ ಇನ್ನೂ ಹೊಸದು. ಅಳತೆಯಲ್ಲಿ ಇದೇ ಒಂದು ಕೈ ಮೇಲು. ನಾನು ಬರೆದುಕೊಂಡೆ.

"ಬುದ್ದಿ, ಒಂದ್ ಗುಟ್ಕು ಕುಡುದ್ ನೋಡಿ" ಎಂದ ಗ್ಯಾಂಗ್‌ಮನ್.

ಅವನ ಹೆಂಡತಿ ಒಲೆಯ ಮೇಲಿನ ಮಡಕೆಯನ್ನೇ ಎತ್ತಿ ತಂದು ಸ್ವಲ್ಪ ದೂರದಲ್ಲಿ ಇಟ್ಟಳು. ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟಿತ್ತು. "ಬ್ಯಾಳೆ ಬೇಯಕಿಲ್ಲ ಬುದ್ದಿ. ಅರ್ಧ ದಿನ ಉರಿ ಆಕುದ್ರೂ ಕಲ್ ಕಲ್ಲಾಗೇ ಇರ್ತವೆ. ಕುಡುದ್ರೆ ಐಕ್ಳಿಗೆ ಒಟ್ಟೆ ಕಿತ್ಕತದೆ. ನಾನ್ ದಿನಾ ಟೇಸನ್ ನಲ್ಲಿಗೆ ಓಯ್ತೀನಿ, ಓಗಾಕ್ ಎಲ್ಡ್ ಮೈಲಿ, ಬರಾಕ್ ಎಲ್ಡ್ ಮೈಲಿ. ಇನ್ನು ಈ ಒಟ್ಟೆ ಒತ್ಕಂಡು ಓಗಾಕ್ ಆಗಕಿಲ್ಲ."

ಅವನು ಹೊಳೆಯುವಂತೆ ತಿಕ್ಕಿದ ಹಿತ್ತಾಳೆ ಚೊಂಬಿನಲ್ಲಿ ನೀರು ಹಿಡಿದಿದ್ದ. ನಾನು ಮುಟ್ಟಲು ಹಿಂಜರಿಯುವೆನೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಒಂದು ಬಾಳೆಲೆಯ ದೊನ್ನೆಯನ್ನೂ ಮಾಡಿಟ್ಟಿದ್ದ, ನಾನು ಹಿಡಿದರೆ ಮೇಲಿನಿಂದ ಸುರಿಯಲು. ತನ್ನ ಹಕ್ಕು ಕೇಳಲು ಬಂದವನು ನನ್ನ ಮಡಿ ಕೆಡದ ಹಾಗೆ ವ್ಯವಸ್ಥೆ ಮಾಡಿದ್ದ. ನಾನು ಕೇರಿಯ ಬಾಯಿ ಕಡೆ ನೋಡಿದೆ. ಪಟೇಲ ಅಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದ. ಈ ನೀರು ನನ್ನ ಬಾಯಿಗೆ ಹೋದರೆ ಸಂಜೆಯೊಳಗೆ ಕಿರುಗಾವಲಿಗೆ ಸುದ್ದಿ ಮುಟ್ಟುತ್ತದೆ. ತಂಗಿಯ ಮದುವೆ ಮಾತು ನಡೆಯುತ್ತಿತ್ತು.

"ಬಾಯಾರಿಕೆ ಇಲ್ಲಪ್ಪ. ಈಗ ತಾನೇ ಎಳನೀರು ಕುಡಿದೆ" ಎಂದೆ.

"ಬಾಯಾರ್ಕೆಗಲ್ಲ ಬುದ್ದಿ, ರುಚಿಗೆ."

"ನೋಡಿದರೆ ಗೊತ್ತಾಗುತ್ತದೆ ಬಿಡು. ತಿಳಿಯಾಗಿದೆಯಲ್ಲ."

ಅವನು ದೊನ್ನೆಯನ್ನು ನೆಲಕ್ಕೆ ಇಟ್ಟ. ಸಂಜೆ ಮನೆಗೆ ಬಂದರೆ ನನ್ನ ತಾಯಿ ಹೊಸ್ತಿಲಲ್ಲೇ ತಡೆದಳು. "ಕೇರಿಗ್ ಓಗಿದ್ಯಂತಲ್ಲ ಮಗ. ನೀರ್ ಉಯ್ಕಂಡು ಒಳೀಕ್ ಬಾ." ಸುದ್ದಿ ನನಗಿಂತ ಮೊದಲು ಬಂದಿತ್ತು. ಬಚ್ಚಲಿಗೆ ಹೋಗಿ ಎರಡು ಕೊಡ ತಲೆಯ ಮೇಲೆ ಸುರಿದುಕೊಂಡೆ. ಆಮೇಲೆ ಕೂತು ಇಂಗ್ಲಿಷಿನಲ್ಲಿ ವರದಿ ಬರೆದೆ. ಎರಡು ಬಾವಿಗಳೂ ಬಾಯಿ, ಆಳ, ನೀರಿನ ಪ್ರಮಾಣ, ರಾಟೆ, ಕಟ್ಟಡ ಎಲ್ಲದರಲ್ಲೂ ಸಮ. ಹೊಸದರ ನೀರು ತಿಳಿಯಾಗಿ ಕಂಡಿತು. ಮಡಕೆಯ ಬಿಳಿಯನ್ನು ಬರೆಯಲೇ ಅಂತ ಒಂದು ಗಳಿಗೆ ಪೆನ್ನು ನಿಂತಿತು. ಬಾವಿಯ ಅಳತೆಗೂ ಒಲೆಯ ಮಡಕೆಗೂ ಏನು ಸಂಬಂಧ ಅಂತ ನನಗೆ ನಾನೇ ಹೇಳಿಕೊಂಡೆ. ಭಾಷೆ ಬಹಳ ಚೆನ್ನಾಗಿ ಬಂದಿತ್ತು. ಓದಿ ಹಿರಿಯರು, ನಿನ್ನ ಇಂಗ್ಲಿಷ್ ಕೊನೆಗೂ ಪಳಗಿತು ಎಂದರು.

ವಿಚಾರಣೆಯ ದಿನ ಗ್ಯಾಂಗ್‌ಮನ್ ಅದೇ ಹಿತ್ತಾಳೆ ಚೊಂಬು ತಂದಿದ್ದ, ಬಾಯಿಗೆ ಬಟ್ಟೆ ಬಿಗಿದು. ಕೋರ್ಟ್ ಹಾಲಿನ ಬಾಗಿಲ ಒಳಗೆ ಎರಡು ಹೆಜ್ಜೆ ಬಂದು ನಿಂತ.

"ಮಾಸ್ವಾಮಿ, ಇದು ನಮ್ ಕೇರಿ ಬಾವಿ ನೀರು. ನಂಗೆ ಇಂಗ್ಲಿಸ್ ಬರಾಕಿಲ್ಲ, ಕಾನೂನ್ ಬರಾಕಿಲ್ಲ. ಇಲ್ಲಿರೋರು ಯಾರಾರಾ ಒಂದ್ ಗುಟ್ಕು ಕುಡುದು ಇದು ಸಿಹಿನೀರು ಅಂದ್ಬುಡ್ಲಿ. ನಾನ್ ಈಗ್ಲೇ ಓಯ್ತೀನಿ."

ಆ ವರ್ಷವಷ್ಟೇ ವರ್ಗವಾಗಿ ಬಂದಿದ್ದ ಮುನ್ಸೀಫರು ಕೆಟ್ಟ ಮನುಷ್ಯರಲ್ಲ. ಕುಡಿಯುವ ಮಾತು ಅವರಿಗೆ ಕೇಳಿಸಿತೋ ಇಲ್ಲವೋ, ಕಾಗದದ ಮೇಲೆ ಕಣ್ಣಿಟ್ಟು, "ವಾದಿ ಹಾಜರುಪಡಿಸಿದ್ದನ್ನು ಗುರುತು ಮಾಡಿಕೊಳ್ಳಿ" ಅಂತ ಶಿರಸ್ತೇದಾರರಿಗೆ ಹೇಳಿದರು. ಕೋರ್ಟಿಗೆ ಬಂದ ವಸ್ತುವಿನ ಮೇಲೆ ನಂಬರಿನ ಚೀಟಿ ಅಂಟಿಸಿ ಮುನ್ಸೀಫರ ರುಜು ಬಿದ್ದರೇನೇ ಅದು ಸಾಕ್ಷ್ಯ. ಶಿರಸ್ತೇದಾರರು ಚೀಟಿಯ ಮೇಲೆ ನಂಬರು ಬರೆದರು, ಗೋಂದು ಹಚ್ಚಿದರು. ಅಲ್ಲಿಗೆ ನಿಂತರು. ಚೊಂಬು ಇದ್ದದ್ದು ಅವನ ಕೈಯಲ್ಲಿ. ಅವರು ಜವಾನನ ಮುಖ ನೋಡಿದರು. ಜವಾನ ಅಮೀನನ ಮುಖ ನೋಡಿದ. ಅಮೀನ ಗಡಿಯಾರ ನೋಡಿದ. ಗೋಂದು ಒಣಗುತ್ತ ಬಂತು.

"ಚೀಟಿ ಇತ್ಲಾಗ್ ಬಿಸಾಕಿ ಬುದ್ದಿ, ನಾನೇ ಅಂಟುಸ್ಕತೀನಿ" ಎಂದ ಗ್ಯಾಂಗ್‌ಮನ್.

"ಛೆ ಛೆ! ವಾದಿಯೇ ತನ್ನ ಸಾಕ್ಷ್ಯಕ್ಕೆ ಗುರುತು ಹಾಕಿಕೊಳ್ಳುವುದುಂಟೆ?" ಅಂತ ಹಿರಿಯರು ಎದ್ದರು.

ಶಿರಸ್ತೇದಾರರಿಗೆ ಉಸಿರು ಬಂತು. "ದ್ರವಪದಾರ್ಥ, ಸ್ವಾಮಿ. ಕಡತದಲ್ಲಿ ಇಡಲು ಬರುವುದಿಲ್ಲ. ಚೆಲ್ಲಿದರೆ ಬೇರೆ ಕಾಗದಗಳೂ ಹಾಳು" ಎಂದರು. ಇದಕ್ಕೆ ಎಲ್ಲರ ತಲೆಯೂ ಆಡಿತು. ಹತ್ತಾರು ವರ್ಷ ಆ ಕೋರ್ಟಿನಲ್ಲಿ ರಕ್ತದ ಕಲೆಯ ಕುಡುಗೋಲು, ಹುಳ ಹಿಡಿದ ರಾಗಿ ಮೂಟೆ, ಸೋರುವ ಬೆಲ್ಲದ ಅಚ್ಚು ಎಲ್ಲವನ್ನೂ ಗುರುತು ಮಾಡಿದ ಕೈ ಅದು. ಮುನ್ಸೀಫರು ಚೊಂಬನ್ನು ಹೊರಗಿಡಲು ಹೇಳಿ ಮುಂದಿನದಕ್ಕೆ ಹೋದರು. ಅಮೆರಿಕದ ಹೆಂಗಸಿನ ಕಾಲುನೋವು ಕೋರ್ಟಿಗೆ ಬರಬಹುದು ಅಂತ ಮೈಮರೆತು ಹೇಳುತ್ತಿದ್ದ ಹಿರಿಯರು ನಮ್ಮದೇ ತಾಲ್ಲೂಕಿನ ನೀರನ್ನು ಬಾಗಿಲಿಂದಾಚೆ ತಳ್ಳಿ ನಶ್ಯ ಏರಿಸಿದರು. ಥೂ, ಅನ್ನಿಸಿತು. ಆದರೆ ಆ ಥೂ ನನ್ನ ಬಾಯಿಂದ ಹೊರಗೆ ಬರಲಿಲ್ಲ, ಯಾಕೆಂದರೆ ಮುಂದಿನದು ನಾನೇ ಆಗಿದ್ದೆ.

ಕಮಿಷನರನ್ನು ಪ್ರಶ್ನೆ ಕೇಳುವ ಹಕ್ಕು ವಾದಿಗೆ ಇತ್ತು. ನಾನು ಕಟಕಟೆ ಹತ್ತಿದೆ. ಅವನು ಒಂದೇ ಪ್ರಶ್ನೆ ಕೇಳಿದ.

"ಬುದ್ದಿ, ಊರ್ ಬಾವಿ ನೀರ್ ಕುಡುದ್ರಿ, ನಮ್ಮೋರ್ ನೋಡವ್ರೆ. ನಮ್ ಬಾವಿದು ಕುಡುದ್ರಾ?"

ಹಿರಿಯರು ಥಟ್ಟನೆ ಎದ್ದರು. ಕಮಿಷನರಿಗೆ ಕೋರ್ಟು ಹೇಳಿದ್ದು ಅಳೆಯಲು, ರುಚಿ ನೋಡಲು ಅಲ್ಲ. ಊರಿನ ಜನ ಬಹುಮತದಿಂದ ಸಮಾನತೆಯ ಏರ್ಪಾಡು ಮಾಡಿಕೊಂಡಿರುವಾಗ ನ್ಯಾಯಾಲಯ ಒಬ್ಬನ ನಾಲಗೆಯ ಮೇಲೆ ತೀರ್ಪು ಕೊಡಬಾರದು. ಅಮೆರಿಕದಂಥ ದೇಶವೇ ಇದನ್ನು ಒಪ್ಪಿದೆ ಎಂದರು. ಪತ್ರಿಕೆಯ ಸಂಚಿಕೆಯನ್ನೂ ಎತ್ತಿ ತೋರಿಸಿದರು. ಶನಿವಾರದ ವಡೆಯ ಎಣ್ಣೆ ಅದರ ರಟ್ಟಿನ ಮೇಲೆ ಇನ್ನೂ ಇತ್ತು.

ಮುನ್ಸೀಫರು ನನ್ನ ಕಡೆ ತಿರುಗಿದರು. ಅವರ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಕಮಿಷನರು ಉತ್ತರ ಕೊಡುವುದಾದರೆ ಕೊಡಬಹುದು."

ಬಾಗಿಲು ತೆರೆದೇ ಇತ್ತು. ಇಲ್ಲ, ಕುಡಿಯಲಿಲ್ಲ, ಜಾತಿಗೆ ಹೆದರಿ ಕುಡಿಯಲಿಲ್ಲ ಅಂತ ಅನ್ನಬಹುದಿತ್ತು. ಆ ಹೆಂಗಸಿನ ಮಡಕೆಯಲ್ಲಿ ಬಿಳಿ ಕಟ್ಟಿತ್ತು ಅನ್ನಬಹುದಿತ್ತು. ಬಾಗಿಲ ಹೊರಗೆ ಚೊಂಬೂ ಇತ್ತು, ಹತ್ತು ಹೆಜ್ಜೆ. ಉಳಿದವರೆಲ್ಲರ ಎದುರು ಒಬ್ಬನೇ ನಿಂತ ನ್ಯಾಯಾಧೀಶನಿಗಾಗಿ ಕಣ್ಣೀರು ಹಾಕಿದವನು ನಾನೇ ಅಲ್ಲವೆ? ಹಿಂದಿನ ಬೆಂಚಿನಲ್ಲಿ ಪಟೇಲ ಕೂತಿದ್ದ. ಅವನ ಪಕ್ಕದಲ್ಲಿ ನನ್ನ ಸೋದರಮಾವ.

"ನೀರು ತಿಳಿಯಾಗಿ ಕಂಡಿತು. ವರದಿಯಲ್ಲಿ ಬರೆದಿದ್ದೇನೆ" ಎಂದೆ.

ಗ್ಯಾಂಗ್‌ಮನ್ ಕೈ ಮುಗಿದು ಹಿಂದೆ ಸರಿದ. ದಾವಾ ವಜಾ ಆಯಿತು. ನೀರಿನ ಗುಣದ ಬಗ್ಗೆ ವಾದಿ ಯಾವ ಸಾಕ್ಷ್ಯವನ್ನೂ ಕೊಟ್ಟಿಲ್ಲ, ಕಮಿಷನರ ವರದಿಯನ್ನು ನಂಬದಿರಲು ಕಾರಣವಿಲ್ಲ ಅಂತ ತೀರ್ಪು. ನನ್ನ ವರದಿಯ ನಕಲು ಕೇಳಿಕೊಂಡು ಮಳವಳ್ಳಿ ಕಡೆಯಿಂದಲೂ ಇಬ್ಬರು ಪಟೇಲರು ಬಂದರು. "ಅಂಥದ್ದೇ ಒಂದು ನಮ್ಗೂ ಬರ್ಕೊಡಿ ವಕೀಲ್ರೇ, ಬಾವಿ ನಾವ್ ತೋಡುಸ್ತೀವಿ" ಎಂದರು. ಆಗುವುದಿಲ್ಲ ಅಂದೆ. ಆದರೆ ನಕಲು ತೆಗೆದುಕೊಳ್ಳುವುದನ್ನು ತಡೆಯುವ ಅಧಿಕಾರ ನನಗೆ ಇರಲಿಲ್ಲ, ತಡೆಯಲು ಹೋಗಲೂ ಇಲ್ಲ. ಕೆಟ್ಟ ಕೆಲಸಕ್ಕೆ ಒಳ್ಳೆಯ ಇಂಗ್ಲಿಷ್ ಸಿಕ್ಕಿದರೆ ಅದು ಊರೂರು ತಿರುಗುತ್ತದೆ.

ಮಾರನೆಯ ವರ್ಷ ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂತು. ನಮ್ಮ ಸಂಸ್ಥಾನದ ಕತೆ ಇನ್ನೂ ಇತ್ಯರ್ಥವಾಗಿರಲಿಲ್ಲ, ಮಹಾರಾಜರ ಸರ್ಕಾರವೇ ಇತ್ತು. ಆದರೂ ಕೋರ್ಟಿನ ಅಂಗಳದಲ್ಲಿ ಬಾವುಟ ಹಾರಿಸಿ ಪೆಪ್ಪರಮೆಂಟು ಹಂಚಿದೆವು. ಹಿರಿಯರು ಭಾಷಣ ಮಾಡಿದರು. ಡೆಲ್ಲಿಯಲ್ಲಿ ಬರೆಯುತ್ತಿರುವ ರಾಜ್ಯಾಂಗಕ್ಕೆ ಅಮೆರಿಕದ್ದೇ ಮೇಲ್ಪಂಕ್ತಿ, ಇನ್ನು ಮೇಲೆ ಮನುಷ್ಯರೆಲ್ಲ ಸಮ, ಕೇರಿಯವನೂ ಸಮ, ನಾನೂ ಸಮ ಎಂದರು. ಪೇಟ ತೆಗೆದು ಬಾವುಟಕ್ಕೆ ಕೈ ಮುಗಿದರು. ನಾಟಕವಲ್ಲ, ಮನಸ್ಸಿಟ್ಟೇ ಮುಗಿದದ್ದು. ಅದು ನನಗೆ ಇನ್ನೂ ಹೇಸಿಗೆ.

ಆಮೇಲೆ ಕೋಣೆಯಲ್ಲಿ ಸಭೆ ಸೇರಿ, ಈ ಸಂಭ್ರಮದ ನೆನಪಿಗೆ ಜನಕ್ಕೆ ಏನಾದರೂ ಮಾಡಬೇಕು ಅಂತ ಮಾತಾಯಿತು. ಕಕ್ಷಿದಾರರಿಗೆ ಅಂಗಳದಲ್ಲಿ ಕುಡಿಯುವ ನೀರು ಇರಲಿಲ್ಲ. ಹೊಂಗೆಮರದ ಕೆಳಗೆ ನೀರು ಇಡೋಣ ಅಂತ ಒಬ್ಬರು ಅಂದರು, ಎಲ್ಲರೂ ಹೂಂ ಅಂದರು. "ಗುಡಾಣ ಎರಡು ತರಲಿ" ಎಂದರು ಹಿರಿಯರು. ಯಾಕೆ ಎರಡು ಅಂತ ಯಾರೂ ಕೇಳಲಿಲ್ಲ. ಅಲ್ಲಿದ್ದವರಲ್ಲಿ ಚಿಕ್ಕವನು ನಾನೇ ಅಂತ ಕೆಲಸ ನನಗೆ ಬಂತು. ಕುಂಬಾರರ ಬೀದಿಗೆ ಹೋದೆ. ತಟ್ಟಿ ನೋಡಿ, ಬಿರುಕಿಲ್ಲದ ಎರಡು ಆರಿಸಿದೆ. ಒಂದರ ಬಾಯಿ ತುಸು ಚಿಕ್ಕದು ಕಂಡಿತು. ಅದನ್ನು ಹಿಂದಕ್ಕೆ ಕೊಟ್ಟು, ಕಡ್ಡಿ ಇಟ್ಟು ಅಳೆದು, ಸರಿಸಮ ಇರುವುದನ್ನೇ ತಂದೆ. ಒಂದೇ ನಲ್ಲಿಯ ನೀರನ್ನು ಎರಡಕ್ಕೂ ತುಂಬಿಸಿದೆ. ಈ ಸಲ ನೀರಾದರೂ ಒಂದೇ ಅಂತ ಒಳಗೊಳಗೇ ಸಮಾಧಾನ ಪಟ್ಟೆ, ಅಂಥ ಹೇಡಿಯ, ಹೇತ್ಲಾಂಡಿ ಸಮಾಧಾನ.

ವಾರದೊಳಗೆ ಗ್ಯಾಂಗ್‌ಮನ್ ಕೋರ್ಟಿಗೆ ಬಂದ. ಊರು ಬಿಟ್ಟು ಸ್ಟೇಷನ್ನಿನ ಹತ್ತಿರ ರೈಲ್ವೆಯ ಗುಡಿಸಲಿಗೆ ಬಂದಿದ್ದನಂತೆ, ಅಲ್ಲಿ ನಲ್ಲಿ ಹತ್ತಿರ. ಡಿಕ್ರಿಯ ನಕಲು ಬೇಕಾಗಿತ್ತು. ನಾನು ಹೊಂಗೆಮರದ ಕೆಳಗೆ ಗುಡಾಣಗಳಿಗೆ ಮುಚ್ಚಳ ಸರಿಮಾಡುತ್ತಿದ್ದೆ. ಹೆಂಡತಿ ಹೇಗಿದ್ದಾಳೆ ಅಂತ ಕೇಳಿದೆ.

"ಅವ್ಳು ಚೆಂದಾಗವ್ಳೆ ಬುದ್ದಿ. ಓದ್ ವರ್ಸ ಟೇಸನ್ನಿಂದ ನೀರ್ ತತ್ತಾ ಹಳಿ ಮ್ಯಾಲೆ ಬಿದ್ಲು. ಮಗ ಉಳೀನಿಲ್ಲ."

ಅವನ ಮುಖದಲ್ಲಿ ಸಿಟ್ಟು ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬಿಸಿಲಲ್ಲಿ ನಡೆದು ಬಂದು ಬಾಯಾರಿದ್ದ, ಅಷ್ಟೆ. ಎರಡು ಗುಡಾಣಗಳನ್ನೂ ನೋಡಿದ. ಎರಡೂ ಒಂದೇ ಬಣ್ಣ, ಒಂದೇ ಎತ್ತರ. ಅವನಿಗೆ ಗೊತ್ತಾಗಲಿಲ್ಲ.

"ಇದ್ರಾಗೆ ನಮ್ದ್ಯಾವ್ದು ಬುದ್ದಿ?" ಅಂತ ಕೇಳಿದ.

ನಾನು ಎಡಗಡೆಯದಕ್ಕೆ ಬೆರಳು ತೋರಿಸಿದೆ.